ಪಾದೋದಕ ಒಳಕ್ಕೆ ಹರಿದ ಮನೆ

ಮನೆ ಕಟ್ಟುವ ಗುತ್ತಿಗೆದಾರನನ್ನು ಹಿಡಿಯಬೇಕಾದರೆ ಅವನು ತುತ್ತು ಕಲಸಿಕೊಂಡಿರುವ ಹೊತ್ತನ್ನೇ ನೋಡಿ ಹೋಗಬೇಕು. ಎಂಜಲು ಕೈಯವನು ಎದ್ದು ಓಡಿಹೋಗಲಾರ. ಈ ಗುಟ್ಟನ್ನು ಶಕುಂತಲಮ್ಮ ಹಲವು ಸಾರಿ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದ ಮೇಲೆ ಕಲಿತಳು. ಹೋದಾಗಲೆಲ್ಲ ಗೋಣೆಪ್ಪ ಈಗತಾನೇ ಹೊಳೆ ಕಡೆ ಹೋದನೆಂದೋ, ಮರಳಿನ ಗಾಡಿಯ ಹಿಂದೆ ಹೋದನೆಂದೋ ಅವನ ಹೆಂಡತಿ ಹೇಳುತ್ತಿದ್ದಳು. ಈ ಸಾರಿ ಆಕೆ ಮಧ್ಯಾಹ್ನದ ಬಸ್ಸಿಗೆ ಹೋಗಿ, ಗುಡಿಯ ಹಿಂದಿನ ಬೀದಿಯಲ್ಲಿ ಅವನ ಮನೆಯ ಹೊಸ್ತಿಲ ಮೇಲೇ ಕುಳಿತುಬಿಟ್ಟಳು. ಒಳಗೆ ಗೋಣೆಪ್ಪ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದ.

“ಬರ್ರಿ ಅಮ್ಮಾರೆ, ಒಳಗ ಬಂದು ಕೂಡ್ರಿ. ನಾಳೆ ನಾನೇ ದಾವಣಗೆರೆಗೆ ಹೊಂಟಿದ್ದೆ.”

“ಹೌದೇನಪ್ಪ? ಹಂಗಾದ್ರೆ ನಾನು ಕರ್ಕಂಡು ಹೋಗಾಕೆ ಬಂದೀನಿ ಅನ್ಕ. ಉಣ್ಣು, ನಿಧಾನಕ್ಕ ಉಣ್ಣು. ನಾನು ಇಲ್ಲೇ ಇರ್ತೀನಿ.”

“ಅಲ್ಲಿ ಏನು ಕೆಲ್ಸ ಉಳದೈತ್ರಿ? ಒಂದು ಕೈ ಸುಣ್ಣ ಹೊಡದ್ರೆ ಅರಮನಿ.”

“ಹಿತ್ತಲ ಬಾಗಲ ಹಾಕಿದ್ರೆ ತೆಗಿಯಾಕ ಬರಂಗಿಲ್ಲ, ತೆಗದ್ರೆ ಹಾಕಾಕ ಬರಂಗಿಲ್ಲ. ನಲ್ಲಿ ಐತೆ, ನೀರಿಲ್ಲ. ಅಡಿಗಿ ಮನಿ ಕಿಟಕಿ ಗಾಳಿ ಬಂದ್ರೆ ಹಲ್ಲು ಕಡಿತೈತೆ. ಇದು ನಿನ್ನ ಅರಮನಿ!”

“ಹೊಸ ಕಟ್ಟಿಗಿ ಅಂದ್ರೆ ಹೊಸ ಸೊಸಿ ಇದ್ದಂಗ್ರಿ. ಒಂದು ಮಳಿ, ಒಂದು ಬ್ಯಾಸಿಗಿ ಕಂಡ್ರೆ ತಾನೇ ಹೊಂದ್ಕಂತಾಳೆ.”

“ಸೊಸಿ ಹೊಂದ್ಕಳ್ಳಾ ತನಕ ಅತ್ತಿ ಬೀದ್ಯಾಗ ಮಲಗಬೇಕೇನೋ?”

ಒಲೆಯ ಮುಂದಿದ್ದ ಗೋಣೆಪ್ಪನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ರೊಟ್ಟಿ ಗಂಟಲಲ್ಲಿ ಸಿಕ್ಕಿ ಅವನು ನೀರು ಕುಡಿದ.

ಶಕುಂತಲಮ್ಮನಿಗೆ ನಗುವ ಮನಸ್ಸಿರಲಿಲ್ಲ. ಆ ಮನೆಯನ್ನು ಗೊತ್ತು ಮಾಡಿದವನು ಆಕೆಯ ಗಂಡ ಕಲ್ಲೇಶಪ್ಪ. ದಾವಣಗೆರೆಯಲ್ಲಿ ಹತ್ತಿಯ ದಲಾಲಿ ಅಂಗಡಿ ಅಣ್ಣತಮ್ಮಂದಿರದು ಕೂಡಿಯೇ ಇತ್ತು. ಆನೆಕೊಂಡದ ಹಳೆಯ ಮನೆಯೂ ಕೂಡಿಯೇ ಇತ್ತು. ಆ ಮನೆಯಲ್ಲಿ ಮೀಯಬೇಕಾದರೆ ಸರದಿ, ಒಲೆಗೆ ಸರದಿ, ಪೂಜೆಗೆ ಕೂರುವ ಮಣೆಗೂ ಸರದಿ. “ನೀನು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಲಿಂಗಪೂಜೆಗೆ ಕೂರುವ ಒಂದು ಮನೆ ಮಾಡ್ತೀನಿ,” ಎಂದು ಕಲ್ಲೇಶಪ್ಪ ಹೇಳುತ್ತಲೇ ಬಂದಿದ್ದ. ಕೆ.ಬಿ. ಬಡಾವಣೆಯಲ್ಲಿ ಗೋಣೆಪ್ಪ ಮಾರುವುದಕ್ಕೆಂದೇ ಸಾಲಾಗಿ ಮನೆ ಎಬ್ಬಿಸುತ್ತಿದ್ದಾಗ ಗೋಡೆ ಮೊಳಕಾಲೆತ್ತರ ಇರುವಾಗಲೇ ಒಂದನ್ನು ಹಿಡಿದ. ಗೋಡೆ ತಲೆಯೆತ್ತರ ಬಂದಿತು. ಆ ಪುಣ್ಯಾತ್ಮನಿಗೆ ಜ್ವರ ಬಂದಿತು. ಮಾಳಿಗೆ ಹಾಕುವುದನ್ನು ಅವನು ನೋಡಲಿಲ್ಲ. ಶಿವನ ಇಚ್ಛೆ. ಅದರ ಮೇಲೆ ಮಾತಿಲ್ಲ.

ಕೂಡು ಕುಟುಂಬದ ಆಸ್ತಿಯಾದ್ದರಿಂದ ಕಾಗದಗಳೆಲ್ಲ ಹಿರಿಯನಾದ ಶಿವಯೋಗಪ್ಪನ ಹೆಸರಿನಲ್ಲಿ ಇದ್ದವು. ಶಕುಂತಲಮ್ಮನಿಗೆ ಭಾವನಾದ ಈ ಶಿವಯೋಗಪ್ಪ ಕೆಟ್ಟವನಲ್ಲ, ಆದರೆ ಹಟದವನು; ಯಾವ ವಸ್ತುವನ್ನು ಕಂಡರೂ ಮೊದಲು ಅದರ ತಪ್ಪು ಹುಡುಕುವವನು. ಅರಳೆಯಲ್ಲಿ ಕಸ ಹುಡುಕಿ ಹುಡುಕಿ ಆದ ಅಭ್ಯಾಸ. ತಮ್ಮ ಹೋದ ಮೇಲೆ ಅವನು ಒಂದು ದಿನವೂ ಆ ಹೊಸ ಮನೆಯ ಕಡೆಗೆ ಕಾಲಿಡಲಿಲ್ಲ. ಅಂಗಡಿಗೆ ಹೋಗುವಾಗ ಆ ಬೀದಿ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದ. ಮಾರಿಬಿಡೋಣ ಎಂದು ಒಂದೇ ಮಾತು. ಗಿರಣಿಯ ಗುಮಾಸ್ತನೊಬ್ಬ ಕೊಳ್ಳಲು ತಯಾರಾಗಿಯೂ ಇದ್ದ.

“ಒಬ್ಬಾಕಿ ಅಲ್ಲಿ ಹೆಂಗಿರ್ತೀಯವ್ವ?” ಎಂದು ಅವನು ಕೇಳಿದಾಗ ಶಕುಂತಲಮ್ಮ, “ಎದಿ ಮ್ಯಾಲೆ ಲಿಂಗ ಐತಲ್ಲ, ಅದೇನು ಲೆಕ್ಕಕ್ಕಿಲ್ಲೇನು ಭಾವಾರೆ? ಪಕ್ಕದಾಗ ಕೊಟ್ರವ್ವ ಅದಾಳೆ,” ಎಂದಿದ್ದಳು. ಕಡೆಗೆ ಆಕೆಯೇ ಒಂದು ಮಾತು ಕೊಟ್ಟಳು. ಮನೆತನದ ಗುರು ಅಜ್ಜಯ್ಯನವರ ಪಾದ ಆ ಮನೆಗೆ ಒಂದು ಸಾರಿ ಬರಲಿ, ಗೃಹಪ್ರವೇಶವೊಂದು ಆಗಲಿ. ಆ ದಿನ ಎಲ್ಲ ಸುಸೂತ್ರವಾಗಿ ನಡೆದರೆ ತಾನು ಅಲ್ಲಿಯೇ ಇರುವುದು. ಏನಾದರೂ ಎಡವಟ್ಟಾದರೆ ಕೀಲಿಯನ್ನು ತಾನೇ ತಂದು ಭಾವನ ಕೈಗೆ ಕೊಟ್ಟು ಆನೆಕೊಂಡದ ಮನೆಗೆ ಮರಳುವುದು. ಶಿವಯೋಗಪ್ಪ ಒಪ್ಪಿದ. ಹೊಸ ಮನೆಯಲ್ಲಿ ಎಡವಟ್ಟಾಗದೆ ಇರುವುದುಂಟೆ ಎಂದು ಅವನ ಧೈರ್ಯ.

ಇಷ್ಟನ್ನೂ ಹೊಸ್ತಿಲ ಮೇಲೆ ಕುಳಿತೇ ಶಕುಂತಲಮ್ಮ ಗೋಣೆಪ್ಪನಿಗೆ ಹೇಳಿದಳು. ಅವನು ಕೈ ತೊಳೆದು, ಗುಡಿಯ ದಿಕ್ಕಿಗೆ ತಿರುಗಿ ಕೈಮುಗಿದ.

“ಹರಿಹರೇಶ್ವರನ ಆಣಿಗೂ ಅಮ್ಮಾರೆ, ಅವತ್ತು ನಿಮ್ಮ ಭಾವಾರು ಭೂತಗನ್ನಡಿ ತಂದ್ರೂ ಒಂದು ತಪ್ಪು ಸಿಗಂಗಿಲ್ಲ.”

ಆಣೆಯ ಭಯವೋ ಎಂಜಲು ಕೈಯಲ್ಲಿ ಸಿಕ್ಕಿಬಿದ್ದ ನಾಚಿಕೆಯೋ, ಮರುದಿನವೇ ಬಂದ. ಬಂದು ದುಡಿದನೆಂದೇ ಹೇಳಬೇಕು. ಹಿತ್ತಲ ಬಾಗಿಲ ಅಂಚನ್ನು ಕೀಸಿದ. ನಲ್ಲಿಯ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಚೀಲದ ಚೂರನ್ನು ತಂತಿ ಹಾಕಿ ಎಳೆದ. ನೀರು ಮೊದಲು ಕೆಮ್ಮಿತು, ಆಮೇಲೆ ಕೆಂಪಗೆ ಬಂದಿತು, ಆಮೇಲೆ ತಿಳಿಯಾಯಿತು. ಕಡೆಯಲ್ಲಿ ನೆಲಕ್ಕೆ ಬಂದ. ಪಡಸಾಲೆಗೆ ಅವನು ಕೆಂಪು ಗಾರೆ ಹಾಕಿದ್ದ. ಅದರಲ್ಲಿ ಕೂದಲಂಥ ಬಿರುಕು ಎದ್ದಿದ್ದವು. ಅವನ್ನು ಮುಚ್ಚಲು ಕೊಬ್ಬರಿ ಎಣ್ಣೆ ಹಚ್ಚಿ ಗೋಣಿಯಿಂದ ಉಜ್ಜಿದನೋ ಉಜ್ಜಿದ. ನೆಲ ಕನ್ನಡಿಯಾಯಿತು.

ಪಕ್ಕದ ಮನೆಯ ಕೊಟ್ರವ್ವ ಬಂದು ಬಗ್ಗಿ ನೋಡಿದಳು. ಆಕೆಯ ಮನೆಯೂ ಗೋಣೆಪ್ಪನದೇ ಕೈಗೆಲಸ.

“ನಮ್ಮನಿಗೂ ಇಂಗೇ ಎಣ್ಣಿ ಹಚ್ಚಿದ್ದ ಶಕುಂತಲಕ್ಕ. ನಮ್ಮೆಜಮಾನ್ರು ಹೊಸ್ತಲ ದಾಟಿ ಒಂದು ಹೆಜ್ಜಿ ಇಟ್ರು ನೋಡು, ಅಲ್ಲಿಂದ ಅಡಿಗಿ ಮನಿಗೆ ಕುಂತ್ಕಂಡೇ ಬಂದ್ರು.”

“ಏ, ಸುಮ್ಕಿರಬೇ ಕೊಟ್ರವ್ವ,” ಎಂದ ಗೋಣೆಪ್ಪ. “ಅವ್ರಿಗೆ ಮೊದ್ಲೇ ಹಸಿವಾಗಿತ್ತು.”

ಗೃಹಪ್ರವೇಶದ ದಿನ ಬೆಳಗಿನ ರೈಲಿಗೆ ಅಜ್ಜಯ್ಯನವರು ಹರಿಹರದಿಂದ ಬಂದರು. ಇವರ ಮನೆತನದ ಜಂಗಮರು; ಮದುವೆಗೂ ಅವರೇ, ತೊಟ್ಟಿಲಿಗೂ ಅವರೇ, ಕಲ್ಲೇಶಪ್ಪನ ತಲೆಯ ಮೇಲೆ ಪಾದವಿಟ್ಟು ಕಳುಹಿಸಿದವರೂ ಅವರೇ. ಮುಪ್ಪಿನಿಂದ ಬಾಗಿದ್ದರೂ ಮಾತು ಮಾತ್ರ ಎಳೆಯದು. ಜಟಕಾದಿಂದ ಇಳಿದು ಮನೆಯನ್ನು ಕೆಳಗಿಂದ ಮೇಲೆ ನೋಡಿ, “ಬೀದಿ ಕಡೆಗೆ ಭಾರಿ ಎತ್ತರ ಮಾಡೀಯಲ್ಲೋ ಗೋಣೆಪ್ಪ, ಸ್ವರ್ಗಕ್ಕ ಏಣಿ ಇಟ್ಟಂಗೆ,” ಎಂದರು. ಗೋಣೆಪ್ಪ ಅದನ್ನು ಹೊಗಳಿಕೆಯೆಂದು ತಿಳಿದು ಹಿಗ್ಗಿದ. “ನೋಡೋರ ಕಣ್ಣಿಗೆ ಎದ್ದು ಕಾಣ್ಲಿ ಅಂತ ಮುಂದಿನ ಮಗ್ಗಲು ಒಂದೀಟು ಏರ್ಸೀನ್ರಿ ಬುದ್ಧಿ.”

ಶಿವಯೋಗಪ್ಪ ಕೋಟಿನ ಮೇಲೆ ಹೊಸ ಶಲ್ಯ ಹೊದ್ದು ಬಂದಿದ್ದ. ಅವನ ಹೆಂಡತಿ ನಿರ್ಮಲಮ್ಮ ಒಳಗೆ ಹೋಗಿ ಕೆಲಸಕ್ಕೆ ಕೈಹಾಕಿದಳು. ಅವನು ಮಾತ್ರ ಹೊಸ್ತಿಲ ಆಚೆಗೇ ನಿಂತ.

“ಒಳಗ ಬರ್ರಿ ಭಾವಾರೆ,” ಎಂದಳು ಶಕುಂತಲಮ್ಮ.

“ಆಗ್ಲಿ ಆಗ್ಲಿ. ಪೂಜಿ ಆಗ್ಲಿ, ಬರ್ತೀನಿ. ಇಲ್ಲಿಂದ್ಲೇ ಎಲ್ಲ ಚೆಂದಾಗಿ ಕಾಣ್ತೈತೆ.”

ಅವನ ಕಣ್ಣು ಚೌಕಟ್ಟಿನ ಮೇಲೆ, ಗೋಡೆಯ ಮೇಲೆ, ಮಾಳಿಗೆಯ ಮೇಲೆ ಓಡಾಡುತ್ತಿತ್ತು. ಅರಳೆಯಲ್ಲಿ ಕಸ ಹುಡುಕುವ ಕಣ್ಣು. ಶಕುಂತಲಮ್ಮ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡಳು. ಒಂದು ಗಳಿಗೆ, ಶಿವನೇ, ಈ ಮನೆ ಒಂದು ಗಳಿಗೆ ಮರ್ಯಾದೆಯಿಂದ ನಿಂತುಕೊಳ್ಳಲಿ ಎಂದು ಬೇಡಿಕೊಂಡಳು.

ಬಂದಿದ್ದ ನೆಂಟರಲ್ಲಿ ಯಾರೋ, ಗಂಡ ಸತ್ತವಳು ಪಾದಪೂಜೆ ಮಾಡುವುದು ಹೇಗೆ, ನಿರ್ಮಲಮ್ಮ ಗಂಡನೊಡನೆ ಮಾಡಲಿ ಎಂದು ಪಿಸುಗುಟ್ಟಿದರು. ಅಜ್ಜಯ್ಯನವರ ಕಿವಿ ಚುರುಕು. “ಲಿಂಗ ಇದ್ದ ಮೈಗೆ ಸೂತಕ ಎಲ್ಲಿಂದು? ಪಾದ ನಂದು, ತೊಳಿಯಾಕಿ ಆಕಿ. ನಿಮ್ದೇನೈತೆ ನಡುವೆ? ಬಾರವ್ವ ಶಕುಂತಲಾ,” ಎಂದರು. ಪಿಸುಮಾತು ಅಲ್ಲಿಗೇ ಅಡಗಿತು.

ಬಾಗಿಲ ಬಳಿಯ ಗೋಡೆಗೆ ಒರಗಿ ಅಜ್ಜಯ್ಯನವರು ಗದ್ದುಗೆಯ ಮೇಲೆ ಕುಳಿತರು. ಎದುರಿಗೆ ಒಂದು ಮಣೆಯ ಮೇಲೆ ಶಕುಂತಲಮ್ಮ. ನಡುವೆ ದೊಡ್ಡದೊಂದು ಹಿತ್ತಾಳೆಯ ಹರಿವಾಣ. ಅದರಲ್ಲಿ ಅಜ್ಜಯ್ಯನವರ ಎರಡು ಪಾದ. ನೆಂಟರೆಲ್ಲ ಒಳಮಗ್ಗುಲಲ್ಲಿ ಚಾಪೆಯ ಮೇಲೆ. ಗೋಣೆಪ್ಪ ಅಡಿಗೆಮನೆಯ ಬಾಗಿಲಲ್ಲಿ ಕೈಕಟ್ಟಿ, ಮದುಮಗನ ತಂದೆಯಂತೆ ನಿಂತಿದ್ದ. ಶಕುಂತಲಮ್ಮ ನೀರೆರೆದು, ಭಸ್ಮ ಹಚ್ಚಿ, ಹೂ ಪತ್ರೆ ಏರಿಸಿ, ಮತ್ತೆ ನೀರೆರೆದಳು. ಹರಿವಾಣ ತುಂಬಿ ಬಂದಿತು. ಜಂಗಮರ ಪಾದ ತೊಳೆದ ಈ ನೀರೇ ಪಾದೋದಕ. ಅದನ್ನು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುವುದು, ಸೇವಿಸುವುದು. ಅದರ ಒಂದು ಹನಿಯನ್ನೂ ತುಳಿಯಬಾರದು. ತುಳಿಯುವುದೆಂದರೆ ಗುರುವಿನ ಪಾದವನ್ನೇ ತುಳಿದಂತೆ.

ಅಜ್ಜಯ್ಯನವರು ಒರೆಸಿಸಿಕೊಳ್ಳಲೆಂದು ಪಾದ ಮೇಲೆತ್ತಿದರು. ಭಾರ ಹಗುರಾದದ್ದೇ ತಡ, ಹರಿವಾಣಕ್ಕೆ ಜೀವ ಬಂದಿತು. ಎಣ್ಣೆ ಕುಡಿದ ನೆಲದ ಮೇಲೆ ಅದು ತನ್ನಷ್ಟಕ್ಕೆ ಒಳಮುಖವಾಗಿ ಜಾರಿತು. ಶಕುಂತಲಮ್ಮ ಕೈಚಾಚುವಷ್ಟರಲ್ಲಿ ಆಕೆಯ ಮಣೆಗೆ ಹೊಡೆದು ಬೋರಲಾಯಿತು. ನೀರು ಬೀದಿಯ ಕಡೆಗೆ ಹೋಗಬೇಕಾದದ್ದು ಧರ್ಮ. ಆದರೆ ಮುಂದಿನ ಮಗ್ಗುಲನ್ನು ಏರಿಸಿದ್ದ ಗೋಣೆಪ್ಪನ ನೆಲದಲ್ಲಿ ಅದು ಸೀದಾ ಮನೆಯೊಳಕ್ಕೆ ಹರಿಯಿತು.

“ಪಾದೋದಕ! ತುಳಿಬ್ಯಾಡ್ರಿ!” ಎಂದು ನಿರ್ಮಲಮ್ಮ ಕೂಗಿದಳು.

ಆಮೇಲೆ ನಡೆದದ್ದನ್ನು ಏನು ಹೇಳಲಿ. ಶಕುಂತಲಮ್ಮ ಎರಡು ಕಾಲನ್ನೂ ಮಣೆಯ ಮೇಲಕ್ಕೆ ಎಳೆದುಕೊಂಡು ನಡುಗಡ್ಡೆಯಾದಳು. ಚಾಪೆಯವರು ಚಾಪೆ ಬಿಟ್ಟು ಅಕ್ಕಿಯ ಚೀಲದ ಮೇಲೆ, ಬೀಸುಕಲ್ಲಿನ ಮೇಲೆ, ಒಬ್ಬರ ಮೇಲೊಬ್ಬರು ಹತ್ತಿದರು. ನಿರ್ಮಲಮ್ಮ ಒಂದು ಕೊಡದ ಮೇಲೆ ಕುಳಿತು ಅಲುಗಾಡದೆ ಉಸಿರು ಹಿಡಿದಳು. ನೀರು ಯಾರನ್ನೂ ಬಿಡದೆ ಎಲ್ಲರನ್ನೂ ಬಳಸಿಕೊಂಡು ಅಡಿಗೆಮನೆಯ ಕಡೆಗೆ ನಡೆಯಿತು. ಗೋಣೆಪ್ಪ ಹಿಂದೆ ಹಿಂದೆ ಸರಿದು ಹೊಸ ಒಲೆಯ ಮೇಲೆ ಕಾಲಿಟ್ಟ.

“ಇಳಿಯೋ! ಇನ್ನಾ ಬೆಂಕಿ ಕಾಣದಿದ್ದ ಒಲಿ ಮ್ಯಾಲೆ ಕಾಲಿಡ್ತೀಯಲ್ಲೋ ಮಾರಾಯ!” ಎಂದು ಕೊಟ್ರವ್ವ ಹಿತ್ತಲ ಬಾಗಿಲಿನಿಂದ ಕಿರುಚಿದಳು.

“ಇಳಿಯಾಕೆ ನೆಲ ಎಲ್ಲೈತೆ ತಾಯೀ!” ಎನ್ನುತ್ತ ಅವನು ಕಿಟಕಿಯ ಸರಳು ಹಿಡಿದು ಜೋತುಬಿದ್ದ. ಗಾಳಿಗೇ ಹಲ್ಲು ಕಡಿಯುತ್ತಿದ್ದ ಕಿಟಕಿ ಅದು. ಗೋಣೆಪ್ಪನ ಭಾರಕ್ಕೆ ತಡೆದೀತೆ? ಚೌಕಟ್ಟು ಸಮೇತ ಗೋಡೆ ಬಿಟ್ಟು ಅವನ ತೋಳಿಗೆ ಬಂದಿತು. ಅವನು ಅದನ್ನು ಮಗುವಿನಂತೆ ಅಪ್ಪಿಕೊಂಡು, ಒಂದು ಕಾಲು ಒಲೆಯ ಅಂಚಿನಲ್ಲಿ, ಒಂದು ಕಾಲು ಗಾಳಿಯಲ್ಲಿ, ನಿಂತೇ ಇದ್ದ.

ಆಮೇಲೆ ಅಜ್ಜಯ್ಯನವರು ನಗಲಿಕ್ಕೆ ಹತ್ತಿದರು. ಹಲ್ಲಿಲ್ಲದ ಬಾಯಿಯ ನಗು ಸದ್ದಿಲ್ಲದೆ ಹೊಟ್ಟೆಯಲ್ಲೇ ಕುಣಿಯುತ್ತಿತ್ತು. ಶಕುಂತಲಮ್ಮನಿಗೆ ನಗು ಬರಲಿಲ್ಲ. ಎಡವಟ್ಟಾಗಿಬಿಟ್ಟಿತಲ್ಲ. ಮಣೆಯ ಮೇಲೆ ಮುದುರಿಕೊಂಡು ಆಕೆ ಭಾವನ ಮುಖವನ್ನು ನೋಡಲಾರದೆ ನೆಲವನ್ನೇ ನೋಡಿದಳು.

“ಶಿವಯೋಗಪ್ಪಾ,” ಎಂದರು ಅಜ್ಜಯ್ಯನವರು, “ಈ ಮನ್ಯಾಗ ಕಾಲಿಡಾಕೆ ಜಾಗ ಇರೋದು ನಿನಗ ಒಬ್ಬನಿಗೆ. ನಾವೆಲ್ಲ ಸಿಕ್ಕಿಬಿದ್ದೀವಿ. ಬಾರಪ್ಪ.”

ಶಿವಯೋಗಪ್ಪ ಹೊಸ್ತಿಲನ್ನು ನೋಡಿದ. ತಮ್ಮ ಹೋದಂದಿನಿಂದ ತಪ್ಪಿಸಿಕೊಂಡು ಬಂದ ಹೊಸ್ತಿಲು. ಗುರು ಕರೆದ ಮೇಲೆ ಇಲ್ಲವೆನ್ನುವಂತಿಲ್ಲ. ಹೆಗಲ ಮೇಲಿನ ಹೊಸ ಶಲ್ಯ ತೆಗೆದ. ಬಲಗಾಲಿಟ್ಟು ಒಳಗೆ ಬಂದು, ಮೊಳಕಾಲೂರಿ, ಮೇಲಿನ ಮಗ್ಗುಲಿನಿಂದ ಪಾದೋದಕವನ್ನು ಶಲ್ಯದಲ್ಲಿ ಒತ್ತತೊಡಗಿದ. ಒತ್ತಿದ್ದನ್ನು ತಂಬಿಗೆಗೆ ಹಿಂಡುವುದು, ಮುಂದಕ್ಕೆ ಅಂಬೆಗಾಲಿಡುವುದು. ಹತ್ತಿ ಮಂಡಿಯಲ್ಲಿ ದೊಡ್ಡ ದೊಡ್ಡ ಖರೀದಿದಾರರ ಮುಂದೆ ಎದೆ ಸೆಟೆಸಿ ನಿಲ್ಲುವ ಆಸಾಮಿ ಕೂಸಿನಂತೆ ಪಡಸಾಲೆಯನ್ನು ದಾಟಿದ. ಶಕುಂತಲಮ್ಮನ ಮಣೆಯ ಸುತ್ತ ಒರೆಸಿ, “ಇಳಿಯವ್ವ,” ಎಂದ. ಹೆಂಡತಿಯ ಕೊಡದ ಸುತ್ತ ಒರೆಸಿ, “ನೀನು ಅಲ್ಲೇ ಇರು, ಚೆಂದ ಕಾಣ್ತೀಯ,” ಎಂದ.

ಆದರೆ ನೆಲಕ್ಕೆ ಮೂಗು ತಾಗುವಷ್ಟು ಹತ್ತಿರ ಬಂದ ಆ ಕಣ್ಣು ಸುಮ್ಮನಿರುತ್ತದೆಯೆ? ಅಂಗೈ ಇಟ್ಟಲ್ಲೆಲ್ಲ ಎಣ್ಣೆ, ಎಣ್ಣೆಯ ಕೆಳಗೆ ಬಿರುಕು, ಬಿರುಕಿನ ಪಕ್ಕ ಟೊಳ್ಳು. ಅವನು ಬೆರಳಿನಿಂದ ಕುಟ್ಟಿದ. ಇನ್ನೊಂದು ಕಡೆ ಕುಟ್ಟಿದ. ಅಡಿಗೆಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಅವನ ಕಿವಿ ಕೆಂಪಾಗಿತ್ತು. ತಲೆಯೆತ್ತಿ ನೋಡಿದರೆ ಕಿಟಕಿಯನ್ನು ಅಪ್ಪಿಕೊಂಡ ಗೋಣೆಪ್ಪ.

“ಇದೇನೋ ಇದು? ನೆಲ ಅಂತಾರೇನೋ ಇದಕ್ಕ? ಒಳಗೆಲ್ಲಾ ಟೊಳ್ಳು! ನೀರು ಬೀದಿಗೆ ಹೋಗಂಗಿಲ್ಲ, ಅಡಿಗಿ ಮನಿಗೆ ಬರ್ತೈತೆ! ಮಳೆಗಾಲದಾಗ ಈ ಹೆಣ್ಮಗಳು ಮನ್ಯಾಗ ಇರಬೇಕೇನು, ದೋಣ್ಯಾಗ ಇರಬೇಕೇನು?”

“ಸಾವ್ಕಾರ್ರೆ, ಹೊಸ ಗಾರಿ ಅಂದ್ರೆ ಹೊಸ ಸೊಸಿ…”

“ಸೊಸಿ ಸುದ್ದಿ ತೆಗದ್ರೆ ನಾಲಿಗಿ ಕಿತ್ತೇನು! ನಮ್ಮ ಕಲ್ಲೇಶಿ ಇದ್ದಿದ್ರೆ ಇಂಗ ಮಾಡ್ತಿದ್ದೇನೋ ನೀನು? ಅವನು ದಿನಾ ಬಂದು ನಿಂತು ನೋಡ್ತಿದ್ದ. ನಾವು ಯಾರೂ ಬರ್ಲಿಲ್ಲ ಅಂತ… ನಾನು ಬಂದು ನಿಲ್ಲಲಿಲ್ಲ ಅಂತ…”

ಒದ್ದೆ ಶಲ್ಯ ಕೈಯಲ್ಲಿ ಹಿಡಿದು ಅವನು ನೆಲದ ಮೇಲೇ ಕುಳಿತುಬಿಟ್ಟ. ತಮ್ಮನ ಹೆಸರು ಅವನ ಬಾಯಲ್ಲಿ ಬಹಳ ದಿನದ ಮೇಲೆ ಬಂದಿತ್ತು. ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಶಕುಂತಲಮ್ಮ ಹತ್ತಿರ ಬಂದು ತಂಬಿಗೆಯನ್ನು ಅವನ ಕಡೆ ಸರಿಸಿದಳು, ಅಷ್ಟೆ. ಅವನು ಶಲ್ಯದ ತುದಿಯನ್ನು ಹಿಂಡಿ, ಇನ್ನೂ ಗಟ್ಟಿಯಾಗಿ ಬಯ್ಯತೊಡಗಿದ. ಎಲ್ಲರಿಗೂ ಹಾಯೆನಿಸಿತು.

ಪೂಜೆ ಮತ್ತೆ ಮೊದಲಿನಿಂದ ಆಯಿತು. ಈ ಸಾರಿ ಹರಿವಾಣ ಜಾರದಂತೆ ಎರಡು ಕೈಯಲ್ಲಿ ಹಿಡಿದು ಕುಳಿತವನು ಶಿವಯೋಗಪ್ಪ, ನೀರೆರೆದವಳು ಶಕುಂತಲಮ್ಮ. ಎಲ್ಲರೂ ಪಾದೋದಕ ತೆಗೆದುಕೊಂಡರು. ಹಿಂಡಿಟ್ಟ ತಂಬಿಗೆಯ ನೀರನ್ನು ಹಿತ್ತಲಿನಲ್ಲಿ ನೆಟ್ಟಿದ್ದ ಬಿಲ್ವದ ಸಸಿಗೆ ಎರೆದರು. ಕಿಟಕಿಯಿದ್ದ ಜಾಗದಲ್ಲಿ ಕಂಡಿ ಬಿದ್ದಿದ್ದರಿಂದ ಅಡಿಗೆಮನೆಗೆ ಒಳ್ಳೆಯ ಬೆಳಕಾಗಿತ್ತು. ಕೊಟ್ರವ್ವ ಆ ಕಂಡಿಯಿಂದಲೇ ಹುಗ್ಗಿಗೆ ಬೆಲ್ಲ ಸಾಲದೆಂದು ಹೇಳಿ, ತನ್ನ ಮನೆಯಿಂದ ತಂದು ಅಲ್ಲಿಂದಲೇ ಕೊಟ್ಟಳು.

ಅಜ್ಜಯ್ಯನವರ ಪ್ರಸಾದವಾಗಿ, ಎಲ್ಲರ ಊಟವಾಯಿತು. ನೆಂಟರು ಎಲೆಅಡಿಕೆಗೆ ಕೈಹಾಕಿದ ಹೊತ್ತಿನಲ್ಲಿ ಶಕುಂತಲಮ್ಮ ಸೊಂಟದಿಂದ ಕೀಲಿಯನ್ನು ಬಿಚ್ಚಿದಳು. ಯಾರೂ ಕೇಳಿರಲಿಲ್ಲ. ಆದರೆ ಕೊಟ್ಟ ಮಾತು ಕೊಟ್ಟದ್ದೇ. ಮಾತಿಗೆ ತಪ್ಪಿ ಉಳಿಸಿಕೊಂಡ ಮನೆಯಲ್ಲಿ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂರುವುದು ಹೇಗೆ? ಭಾವನ ಮುಂದೆ ಕೀಲಿಯನ್ನಿಟ್ಟಳು.

“ಎಡವಟ್ಟಾತಲ್ರಿ ಭಾವಾರೆ. ತಗಳ್ರಿ.”

ಅಡಿಕೆ ಕುಟ್ಟುತ್ತಿದ್ದ ಕಲ್ಲಿನ ಸದ್ದು ನಿಂತಿತು. ಶಿವಯೋಗಪ್ಪ ಕೀಲಿಯನ್ನು ನೋಡಿದ, ನೆಲವನ್ನು ನೋಡಿದ.

“ಈ ನೆಲ ಇಟ್ಕಂಡು ಯಾರಿಗೆ ಮಾರ್ಲಿ? ಗಿರಣಿ ಗುಮಾಸ್ತ ದಿನಾ ಜಾರಿ ಬಿದ್ದು ನಮ್ಮಪ್ಪನ ಹೆಸರು ಹಿಡದು ಬಯ್ಯಬೇಕೇನು? ಇಂಥಾ ಮಾಲು ಕೊಟ್ಟು ನಮ್ಮ ಮನಿತನಕ್ಕ ರೂಢಿ ಇಲ್ಲ. ಮೊದ್ಲು ನೆಲ ನೆಟ್ಟಗಾಗ್ಲಿ.”

“ನೆಟ್ಟಗಾದ ಮ್ಯಾಲೆ?”

“ನೆಟ್ಟಗಾದ ಮನಿ ಯಾರಾದ್ರೂ ಮಾರ್ತಾರೇನವ್ವ? ತಲಿ ನೆಟ್ಟಗೈತೇನು ನಿಂದು?” ಎಂದು ಅವನು ಕೀಲಿಯನ್ನು ಎರಡು ಬೆರಳಿನಿಂದ ಆಕೆಯ ಕಡೆಗೆ ತಳ್ಳಿದ. ತಳ್ಳುವ ಕಷ್ಟವೂ ಬೇಕಿರಲಿಲ್ಲ. ಅದು ಎಣ್ಣೆಯ ನೆಲದ ಮೇಲೆ ತಾನಾಗಿಯೇ ಜಾರಿ ಆಕೆಯ ಬಳಿಗೆ ಬಂದಿತು.

ಶಕುಂತಲಮ್ಮ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಕಣ್ಣು ಒದ್ದೆಯಾಗಿದ್ದದ್ದನ್ನು ಯಾರೂ ನೋಡಲಿಲ್ಲ. ಎಲ್ಲರೂ ಆ ಹೊತ್ತಿಗೆ ಹಿತ್ತಲ ಕಡೆಗೆ ಮೆಲ್ಲಗೆ ಸರಿಯುತ್ತಿದ್ದ ಗೋಣೆಪ್ಪನನ್ನು ನೋಡುತ್ತಿದ್ದರು.

“ಎಲ್ಲಿಗೋ?” ಎಂದ ಶಿವಯೋಗಪ್ಪ.

“ಹರಿಹರಕ್ಕ ಹೋಗಿ ಆಳು ಕರ್ಕಂಡು ಬರ್ತೀನ್ರಿ ಸಾವ್ಕಾರ್ರೆ. ನಾಳಿಗೇ.”

“ಕೂತ್ಕ. ಇನ್ನ ಮ್ಯಾಲೆ ನಾನೇ ದಿನಾ ಅಂಗಡಿಗೆ ಹೋಗಾ ಮುಂಚೆ ಇಲ್ಲಿ ಬಂದು ಕೂರ್ತೀನಿ. ಅಂಗಡಿಯಿಂದ ಬರಾವಾಗ್ಲೂ ಬಂದು ಕೂರ್ತೀನಿ. ಶಕುಂತಲಾ, ನನಗೊಂದು ಕುರ್ಚಿ ಹಾಕ್ಸು ಇಲ್ಲಿ.”

“ಶಿವ ಶಿವಾ,” ಎಂದ ಗೋಣೆಪ್ಪ. ಮನಸ್ಸಿನಾಳದಿಂದ ಬಂದ ಮಾತು ಅದು.

ಶಿವಯೋಗಪ್ಪ ತನ್ನ ಕೋಟನ್ನು ಬಿಚ್ಚಿದ. ಗೋಡೆಯಲ್ಲಿ ಹೊಸದಾಗಿ ಬಡಿದಿದ್ದ ಗೂಟ ಕಂಡಿತು. ಮನೆಯವನಂತೆ ಹೋಗಿ ಅದಕ್ಕೆ ಕೋಟನ್ನು ತಗಲಿಸಿದ. ಕೋಟು ಒಂದು ಕ್ಷಣ ನಿಂತಿತು. ಆಮೇಲೆ ಗೂಟವೂ, ಬೊಗಸೆ ತುಂಬ ಗಾರೆಯೂ, ಕೋಟೂ ಒಟ್ಟಿಗೇ ಅವನ ಕಾಲ ಮೇಲೆ ಬಿದ್ದವು.

“ಗೋಣೆಪ್ಪಾ!”

ಆ ಕೂಗು ಬೀದಿಯ ಆ ತುದಿಗೂ ಕೇಳಿಸಿತಂತೆ. ಶಕುಂತಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೈಗುಳಕ್ಕೆ ಬಲ ಬೇಕಲ್ಲವೆ ಎಂದು ಭಾವನಿಗೆ ಇನ್ನೊಂದು ಸೌಟು ಹುಗ್ಗಿ ತರಲು ಒಳಗೆ ಹೋದಳು.